ಕುದ್ರುವಿನಲ್ಲಿ ಬರೆದ ಒಂಬತ್ತು ಹಲಗೆ: ಬಯಲಲ್ಲೇ ಕುಳಿತು ಬರೆಯುವ ಚಿಕ್ಕ ತೈಲಚಿತ್ರಗಳ ಬಗ್ಗೆ

ಹಿನ್ನೀರು (ಹಾಸನ)

ಎಲ್ಲರಿಗೂ ನಮಸ್ಕಾರ. ಜನವರಿ ಮೊದಲ ವಾರದಲ್ಲಿ ನಾಲ್ಕು ದಿನ ರಜೆ ಹಾಕಿ, ಉಡುಪಿ ಹತ್ತಿರದ ಕೆಮ್ಮಣ್ಣಿನ ಕಡೆ ಒಂದು ಕುದ್ರುವಿನಲ್ಲಿ ಉಳಿದು ಚಿತ್ರ ಬರೆದು ಬಂದೆ. ನಮ್ಮ ಘಟ್ಟದ ಮೇಲಿನವರಿಗೆ ಕುದ್ರು ಎಂಬ ಮಾತು ಅಷ್ಟಾಗಿ ಬಳಕೆಯಲ್ಲಿಲ್ಲ. ನದಿ ಕಡಲು ಸೇರುವ ಮೊದಲು ತಾನೇ ಹೊತ್ತು ತಂದ ಮಣ್ಣಿನಿಂದ ಕಟ್ಟಿಕೊಂಡ ನಡುಗಡ್ಡೆಯನ್ನು ಅಲ್ಲಿ ಕುದ್ರು ಎನ್ನುತ್ತಾರೆ. ತೆಂಗು, ಒಂದಿಷ್ಟು ಗದ್ದೆ, ಹೆಂಚಿನ ಮನೆಗಳು, ಸುತ್ತಲೂ ಉಪ್ಪುನೀರು. ಸ್ವರ್ಣಾ, ಸೀತಾ ನದಿಗಳು ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುವ ಆ ಸೀಮೆಯಲ್ಲಿ ಇಂಥವು ಹಲವು ಇವೆ.

ಒಯ್ದದ್ದು ಇಷ್ಟೇ. 6×8 ಇಂಚಿನ ಹನ್ನೆರಡು ಹಾರ್ಡ್‌ಬೋರ್ಡ್ ಹಲಗೆ, ತೊಡೆಯ ಮೇಲೆ ಇಟ್ಟುಕೊಳ್ಳುವಂಥ ಬಣ್ಣದ ಪೆಟ್ಟಿಗೆ, ಆರು ಟ್ಯೂಬ್ ಬಣ್ಣ, ಚಪ್ಪಟೆ ತುದಿಯ ನಾಲ್ಕು ಬ್ರಷ್, ಒಂದು ಪ್ಯಾಲೆಟ್ ನೈಫ್, ಚಿಕ್ಕ ಸೀಸೆಯಲ್ಲಿ ಟರ್ಪೆಂಟೈನ್. ಒಂಬತ್ತು ಹಲಗೆ ಬರೆದೆ. ಎರಡನ್ನು ಅಲ್ಲೇ ಕೆರೆದು ಹಾಕಿದೆ. ಏಳು ಮನೆಗೆ ಬಂದವು.

ಕೆರೆದು ಹಾಕಿದ ಮೊದಲನೆಯದರ ಕಥೆ ಹೇಳಲೇಬೇಕು. ಮೊದಲ ದಿನ ಬೆಳಗ್ಗೆ ಏಳಕ್ಕೆ ದಡದಲ್ಲಿ ಕುಳಿತೆ. ಎದುರಿಗೆ ಕೆಸರಿನ ಒಂದು ದಿಣ್ಣೆ, ಅದರ ಮೇಲೆ ಓರೆಯಾಗಿ ಒರಗಿದ ಒಂದು ದೋಣಿ, ಹಿಂದೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು. ಕೆಸರು ಒದ್ದೆಯಾಗಿದ್ದುದರಿಂದ ಆಕಾಶದ ಬಣ್ಣವೆಲ್ಲ ಅದರ ಮೇಲೆಯೇ ಬಿದ್ದಿತ್ತು: ಒಂದು ಕಡೆ ಬೂದು, ಒಂದು ಕಡೆ ನಸುಗುಲಾಬಿ. ದೋಣಿಯ ಆಕಾರ ಹಿಡಿದು, ಕೆಸರಿನ ಬಣ್ಣ ಕಲಸಿ ತಲೆ ಎತ್ತುವಷ್ಟರಲ್ಲಿ ದಿಣ್ಣೆ ಅರ್ಧಕ್ಕೆ ಇಳಿದಿತ್ತು. ನೀರಿನ ಅಂಚನ್ನು ಸ್ವಲ್ಪ ಮೇಲಕ್ಕೆ ತಿದ್ದಿದೆ. ಹತ್ತು ನಿಮಿಷಕ್ಕೆ ಮತ್ತೆ ತಿದ್ದಿದೆ. ಮೂರನೆಯ ಸಲ ನೋಡಿದಾಗ ದಿಣ್ಣೆಯೇ ಇಲ್ಲ, ದೋಣಿ ತೇಲಿ ಹಗ್ಗದ ಇನ್ನೊಂದು ಬದಿಗೆ ತಿರುಗಿ ನಿಂತಿತ್ತು. ಹಲಗೆಯ ಮೇಲೆ ಮೂರು ಹೊತ್ತಿನ ನೀರು ಬೆರೆತು ರಾಡಿಯಾಗಿತ್ತು. ಗೊರೂರಿನ ಹಿನ್ನೀರು ನೋಡಿ ಬೆಳೆದವನು ನಾನು. ಅಲ್ಲಿ ನೀರು ಇಳಿಯುವುದಕ್ಕೆ ತಿಂಗಳುಗಟ್ಟಲೆ ಬೇಕು. ನೀರು ಕಣ್ಣೆದುರಿಗೇ ಎದ್ದು ಬರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ.

ಅದಾದ ಮೇಲೆ ಒಂದು ಕಟ್ಟುಪಾಡು ಹಾಕಿಕೊಂಡೆ. ಕುಳಿತ ಹತ್ತು ನಿಮಿಷದೊಳಗೆ ನೀರಿನ ಅಂಚು, ನೆರಳಿನ ಅಂಚು ಎರಡನ್ನೂ ಗೆರೆ ಎಳೆದು ಕಟ್ಟಿ ಹಾಕುವುದು. ಆಮೇಲೆ ಎದುರಿಗೆ ಏನೇ ಬದಲಾದರೂ ಆ ಗೆರೆಗಳನ್ನು ಮುಟ್ಟದಿರುವುದು. ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಉಳಿದ ಏಳೂ ಹಾಗೆ ಬರೆದವು.

ಈಗ ನನ್ನ ಪ್ರಶ್ನೆ. ಊರಿಗೆ ಬಂದ ಮೇಲೆ ಅವುಗಳಲ್ಲಿ ಒಂದನ್ನು, ಮೂಡಣಕ್ಕೆ ಘಟ್ಟದ ಸಾಲು ಕಾಣುವ ಹಲಗೆಯನ್ನು, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟುಕೊಂಡು ‘ಸರಿಪಡಿಸಿದೆ’. ತೆಂಗಿನ ಗರಿಗಳಿಗೆ ಗೆರೆ ಸೇರಿಸಿದೆ, ಬೆಟ್ಟದ ಅಂಚು ಚೂಪು ಮಾಡಿದೆ. ಬೆಳಗ್ಗೆ ಎದ್ದು ನೋಡಿದರೆ ಚಿತ್ರದ ಉಸಿರು ನಿಂತುಹೋಗಿತ್ತು. ಅಲ್ಲಿ ಗಾಳಿ ಇತ್ತು, ಉಪ್ಪು ಬೆರೆತ ಬಿಳಿ ಬೆಳಕು ಇತ್ತು, ಇಲ್ಲಿ ಬರೀ ಗರಿ ಉಳಿದಿತ್ತು. ಸ್ಥಳದಲ್ಲಿ ಬರೆದ ಚಿಕ್ಕ ಹಲಗೆಯನ್ನು ಮನೆಯಲ್ಲಿ ಮುಟ್ಟಲೇಬಾರದು, ಅದು ಅಷ್ಟಕ್ಕೇ ಪೂರ್ಣ ಎಂದು ನನಗೆ ಈಗ ಬಲವಾಗಿ ಅನ್ನಿಸುತ್ತಿದೆ. ಅನುಭವವಿದ್ದವರು ಏನೆನ್ನುತ್ತೀರಿ?

ತೀರದ ಮಗಳು (ಹಾಸನ)

ನನ್ನ ತವರು ಅದೇ ಸೀಮೆ. ಮದುವೆಯಾಗಿ ಹಾಸನಕ್ಕೆ ಬಂದು ಹದಿನಾರು ವರ್ಷ. ನಿಮ್ಮ ಬರಹ ಓದಿ ಕೆಸರಿನ ವಾಸನೆಯೇ ಬಂದ ಹಾಗಾಯಿತು.

ನೀವು ನೋಡಿದ್ದಕ್ಕೆ ನಮ್ಮಲ್ಲಿ ಭರತ, ಇಳಿತ ಎನ್ನುತ್ತಾರೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಆದ್ದರಿಂದ ನಿನ್ನೆ ಏಳಕ್ಕೆ ಕಂಡ ದಿಣ್ಣೆಗಾಗಿ ಇವತ್ತು ಏಳಕ್ಕೇ ಹೋಗಿ ಕುಳಿತರೆ ಆಗುವುದಿಲ್ಲ, ಸುಮಾರು ಎಂಟಕ್ಕೆ ಹೋಗಬೇಕು. ಆಗ ನೀರು ಹೊಂದುತ್ತದೆ, ಬೆಳಕು ಹೊಂದುವುದಿಲ್ಲ. ಅದೇ ಬೆಳಕು ಅದೇ ನೀರು ಎರಡೂ ಬೇಕಾದರೆ ಹೆಚ್ಚುಕಡಿಮೆ ಹದಿನೈದು ದಿನ ಬಿಟ್ಟು ಹೋಗಬೇಕು.

ಇನ್ನೊಂದು ಮಾತು. ನೀವು ಹೋದದ್ದು ಹುಣ್ಣಿಮೆಯ ಆಸುಪಾಸಿರಬೇಕು. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಭರತ ದೊಡ್ಡದು, ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ, ಅಥವಾ ಅದಾದ ಒಂದೆರಡು ದಿನಕ್ಕೆ, ಏರಿಳಿತ ಸಣ್ಣದು. ಚಿತ್ರ ಬರೆಯುವವರು ಪಂಚಾಂಗ ನೋಡಿ ಅಷ್ಟಮಿಗೆ ಹೊರಟರೆ ನೀರು ಸ್ವಲ್ಪ ಕಾದು ಕೊಡುತ್ತದೆ. ಮರುವಾಯಿ, ಅಂದರೆ ಕೆಸರಿನ ಚಿಪ್ಪುಮೀನು, ಹೆಕ್ಕುವ ಹೆಂಗಸರಿಗೆ ಮಾತ್ರ ದೊಡ್ಡ ಇಳಿತವೇ ಬೇಕು, ಕೆಸರು ದೂರದವರೆಗೆ ತೆರೆದುಕೊಳ್ಳುತ್ತದೆ. ಅವರು ಸೊಂಟ ಬಗ್ಗಿಸಿ ಸಾಲಾಗಿ ಕೆಲಸ ಮಾಡುವ ಹೊತ್ತು ಒಮ್ಮೆ ನೋಡಿ. ದೂರಕ್ಕೆ ಮೂರು ನಾಲ್ಕು ಬಣ್ಣದ ಚುಕ್ಕೆ ಅಷ್ಟೇ ಕಾಣುತ್ತವೆ, ಆದರೆ ಇಡೀ ಅಳಿವೆಯ ಅಗಲ ಎಷ್ಟೆಂದು ಆ ಚುಕ್ಕೆಗಳೇ ಹೇಳುತ್ತವೆ.

ಒಂದು ವಿನಂತಿ. ಕುದ್ರುವಿನಲ್ಲಿ ಬಲೆ ಒಣಹಾಕಿದ ಜಾಗದಲ್ಲಿ, ದೋಣಿ ಎಳೆದು ಹಾಕುವ ದಾರಿಯಲ್ಲಿ ಕೂರುವ ಮೊದಲು ಆ ಮನೆಯವರನ್ನು ಒಂದು ಮಾತು ಕೇಳಿ. ಅದು ನಮಗೆ ನೋಟ, ಅವರಿಗೆ ಅಂಗಳ.

ಡ್ರಾಯಿಂಗ್ ಮೇಷ್ಟರು (ಅರಸೀಕೆರೆ)

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಹಿನ್ನೀರು ಅವರ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅದನ್ನು ಸ್ನೇಹದಿಂದಲೇ ಹೇಳುತ್ತೇನೆ.

ಬಯಲಲ್ಲಿ ಎಣ್ಣೆಬಣ್ಣ ಬಳಸುವುದು ಸುಲಭವಾದದ್ದೇ ಒಂದು ಚಿಕ್ಕ ವಸ್ತುವಿನಿಂದ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಗಾರ ತವರದ ಹಿಂಡುವ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು, ತೂತು ಮಾಡಿ ಹಿಂಡುತ್ತಿದ್ದರು. ಅಂಥ ಕಾಲದಲ್ಲೂ ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821, 1822ರಲ್ಲಿ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ನಿಂತು ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಮೋಡಗಳನ್ನು ಬರೆದ. ಹಿಂಬದಿಯಲ್ಲಿ ತಾರೀಕು, ಹೊತ್ತು, ಗಾಳಿಯ ದಿಕ್ಕು ಬರೆದಿಡುತ್ತಿದ್ದ. ಆದರೆ ಅದೇ ಕಾನ್‌ಸ್ಟೆಬಲ್ ತನ್ನ ಆರು ಅಡಿಯ ದೊಡ್ಡ ಚಿತ್ರಗಳನ್ನು ಲಂಡನ್ನಿನಲ್ಲಿ ಒಳಗೆ ಕುಳಿತೇ ಬರೆದದ್ದು. ಚಿಕ್ಕದು ಬೀಜ, ದೊಡ್ಡದು ಮರ. ಬೀಜವನ್ನೇ ಮರವೆಂದು ನಿಲ್ಲಿಸಿಬಿಟ್ಟರೆ ನಾವು ಬೆಳೆಯುವುದು ಹೇಗೆ?

ನಿಮ್ಮ ಹಲಗೆ ಕೆಟ್ಟದ್ದು ಮನೆಯಲ್ಲಿ ಮುಟ್ಟಿದ್ದಕ್ಕಲ್ಲ, ಅದರ ಮೇಲೆಯೇ ಮುಟ್ಟಿದ್ದಕ್ಕೆ. ಅದನ್ನು ಎದುರಿಗಿಟ್ಟುಕೊಂಡು ಬೇರೆ ಹಲಗೆಯ ಮೇಲೆ ಬರೆಯಬೇಕಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಂತೂ ಬಣ್ಣ ಕಲಸಲೇಬೇಡಿ. ಅದರಡಿ ಹೊಂದಿದ ಬಣ್ಣ ಹಗಲಿನಲ್ಲಿ ಹೊಂದುವುದಿಲ್ಲ.

ಆಲೂರಿನ ವಿದ್ಯಾರ್ಥಿ

ನಾನು ಹೊಸಬ. ಈವರೆಗೆ ಪೋಸ್ಟರ್ ಬಣ್ಣ, ಜಲವರ್ಣ ಮಾತ್ರ ಬಳಸಿದ್ದೇನೆ. ಎಣ್ಣೆಬಣ್ಣ ಒಣಗುವುದಕ್ಕೆ ದಿನಗಟ್ಟಲೆ ಬೇಕು ಎನ್ನುತ್ತಾರೆ. ಹಾಗಿದ್ದರೆ ಹಸಿ ಹಲಗೆಗಳನ್ನು ಬಸ್ಸಿನಲ್ಲಿ ಊರಿಗೆ ತರುವುದು ಹೇಗೆ? ಬೇಗ ಒಣಗಲು ಟರ್ಪೆಂಟೈನ್ ಹೆಚ್ಚು ಹಾಕಬಹುದೇ? ಪೆಟ್ಟಿಗೆ ಎಲ್ಲಿ ಸಿಗುತ್ತದೆ? ಕೊಂಡುಕೊಳ್ಳಲು ನನ್ನ ಬಳಿ ಹೆಚ್ಚು ಹಣ ಇಲ್ಲ.

ಉಳಿ-ಬಾಚಿ (ಬೇಲೂರು)

ನಾನು ಮರಗೆಲಸದವನು. ಚಿತ್ರ ಬರೆಯುವುದು ಭಾನುವಾರ ಮಾತ್ರ. ಆಲೂರಿನ ತಮ್ಮ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ.

ಪೆಟ್ಟಿಗೆ ಕೊಳ್ಳಬೇಡಿ, ಮಾಡಿಸಿ. ಹತ್ತು ಇಂಚು ಉದ್ದ, ಎಂಟು ಇಂಚು ಅಗಲ, ಎರಡೂವರೆ ಇಂಚು ಆಳ ಸಾಕು. ಮುಚ್ಚಳದ ಒಳಗೆ ಎರಡು ಬದಿಗೆ ಹಲಗೆ ಜಾರಿ ಕೂರುವಂತೆ ಸಣ್ಣ ಪಟ್ಟಿ, ಮುಚ್ಚಳ ನೆಟ್ಟಗೆ ನಿಲ್ಲಲು ಒಂದು ಕೊಂಡಿ. ಕೆಳಗಿನ ಭಾಗದಲ್ಲಿ ಟ್ಯೂಬ್, ಅದರ ಮೇಲೆ ತೆಳುವಾದ ಪ್ಲೈವುಡ್ಡಿನ ಪ್ಯಾಲೆಟ್. ನಮ್ಮ ಕಡೆ ತೋಟದ ಸಿಲ್ವರ್ ಓಕ್ ಮರ ಹಗುರ, ಸುಲಭವಾಗಿ ಸಿಗುತ್ತದೆ, ಅದರಲ್ಲೇ ನಾನು ಮಾಡಿಕೊಂಡದ್ದು. ಪೆಟ್ಟಿಗೆಯ ತಳಕ್ಕೆ ಒಂದು ನಟ್ ಕೂರಿಸಿದರೆ ಕ್ಯಾಮೆರಾದ ಟ್ರೈಪಾಡಿನ ಮೇಲೂ ನಿಲ್ಲುತ್ತದೆ. ಗಾಳಿ ಇದ್ದರೆ ಟ್ರೈಪಾಡಿನ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕಿ.

ಹಲಗೆ: ಹಾರ್ಡ್‌ಬೋರ್ಡ್ ತಂದು ನಯವಾದ ಮುಖವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಮೂರು ಕೈ ಹೊಡೆಯಿರಿ. ಬಹಳ ಜನ ಬಿಡುವ ಕೆಲಸ ಒಂದಿದೆ, ಬೆನ್ನಿಗೂ ಅಂಚುಗಳಿಗೂ ಹೊಡೆಯಬೇಕು. ನಮ್ಮ ಮಲೆನಾಡಿನ ಜುಲೈ ತಿಂಗಳು ಕಳೆಯುವಾಗ ಹೊಡೆಯದ ಹಲಗೆ ನೀರು ಕುಡಿದು ಬಾಗುತ್ತದೆ, ಮೂಲೆಗಳು ಉಬ್ಬುತ್ತವೆ.

ಹಸಿ ಹಲಗೆ ತರುವುದು ಸುಲಭ. ಎರಡು ಹಲಗೆಗಳನ್ನು ಮುಖಕ್ಕೆ ಮುಖ ಮಾಡಿ, ನಾಲ್ಕು ಮೂಲೆಯಲ್ಲೂ ಬೆಂಕಿಕಡ್ಡಿಯ ತುಂಡು ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಮೂಲೆಯಲ್ಲಿ ನಾಲ್ಕು ಚುಕ್ಕೆ ಬಿಟ್ಟರೆ ಉಳಿದದ್ದಕ್ಕೆ ಏನೂ ಆಗುವುದಿಲ್ಲ.

ಕೊನೆಯದಾಗಿ, ಇದನ್ನು ದಯವಿಟ್ಟು ಎಲ್ಲರೂ ಓದಿ. ಅಗಸೆ ಎಣ್ಣೆ ಒಣಗುವುದು ನೀರು ಆರುವ ಹಾಗಲ್ಲ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಹಾಗೆ ಆಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಉಳಿದು ತಾನಾಗಿಯೇ ಬೆಂಕಿ ಹತ್ತಬಹುದು. ನಾನು ಬಾಗಿಲುಗಳಿಗೆ ಅಗಸೆ ಎಣ್ಣೆ ಹಚ್ಚುವವನು. ಒಮ್ಮೆ ಸಂಜೆ ಹೊಟ್ಟಿನ ಚೀಲದ ಮೇಲೆ ಬಿಟ್ಟ ಬಟ್ಟೆಯ ಉಂಡೆಯನ್ನು ಊಟ ಮುಗಿಸಿ ಬಂದು ಎತ್ತಿದರೆ ಅಂಗೈ ಸುಡುವಷ್ಟು ಕಾದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಟ್ಟೆಯನ್ನು ಬಿಡಿಸಿ ಹರಡಿ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಗುಡ್ಡದ ಹುಲ್ಲು ಒಣಗಿ ನಿಂತಿರುವಾಗ ಅಂಥ ಒಂದು ಉಂಡೆಯನ್ನು ಬೆಟ್ಟದ ಮೇಲೆ ಬಿಟ್ಟು ಬರುವುದನ್ನು ನೆನೆಸಿಕೊಳ್ಳಲೂ ನನಗೆ ಭಯ.

ಡ್ರಾಯಿಂಗ್ ಮೇಷ್ಟರು (ಅರಸೀಕೆರೆ)

ಬೇಲೂರಿನ ಮರಗೆಲಸದ ಆಚಾರ್ಯರು ಹೇಳಿದ್ದು ಲಕ್ಷ ರೂಪಾಯಿಯ ಮಾತು. ವಿದ್ಯಾರ್ಥಿಯ ಇನ್ನೊಂದು ಪ್ರಶ್ನೆಗೆ: ಟರ್ಪೆಂಟೈನ್ ಮೊದಲ ತೆಳು ಪದರಕ್ಕೆ ಮಾತ್ರ. ಹೆಚ್ಚಾದರೆ ಬಣ್ಣ ಹಲಗೆಗೆ ಹಿಡಿಯುವ ಅಂಟೇ ಇಲ್ಲದೆ ಪುಡಿಯಾಗಿ ಉದುರುತ್ತದೆ. ಕೆಳಗೆ ತೆಳುವು, ಮೇಲೆ ಎಣ್ಣೆಯಂಶ ಹೆಚ್ಚು, ಇದು ಮುರಿಯಬಾರದ ನಿಯಮ. ಬಣ್ಣಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅಂಬರ್ ಎಂಬ ಕಂದು ಒಂದೆರಡು ದಿನಕ್ಕೆ ಒಣಗಿದರೆ ಟೈಟೇನಿಯಂ ಬಿಳಿ ವಾರ ತೆಗೆದುಕೊಳ್ಳಬಹುದು.

ತೆಂಗಿನ ಎಣ್ಣೆಯ ಬಗ್ಗೆಯೂ ಹೇಳುತ್ತೇನೆ, ಕರಾವಳಿಗೆ ಹೋದವರಿಗೆ ಆಸೆಯಾಗುತ್ತದೆ. ಅದು ಎಂದಿಗೂ ಒಣಗದ ಎಣ್ಣೆ. ಬ್ರಷ್ ತೊಳೆಯಲು ಬಳಸಬಹುದು, ಆದರೆ ಆಮೇಲೆ ಸೋಪು ಹಾಕಿ ಪೂರ್ತಿ ತೆಗೆಯಬೇಕು. ಬಣ್ಣಕ್ಕೆ ಬೆರೆಸಿದರೆ ಆ ಜಾಗ ವರ್ಷ ಕಳೆದರೂ ಅಂಟುತ್ತಲೇ ಇರುತ್ತದೆ.

ಕಾಫಿ ಹೂವು (ಮೂಡಿಗೆರೆ)

ನಾನು ಬರೆಯಲು ಹೊರಟದ್ದು ಬೇರೆ ವಿಷಯ, ಹಿನ್ನೀರು ಅವರ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ‘ಮೂಡಣಕ್ಕೆ ಘಟ್ಟದ ಸಾಲು ಕಾಣುವ ಹಲಗೆ.’ ಆ ಸಾಲಿನಲ್ಲಿ ಎಲ್ಲೋ ನಮ್ಮ ಮನೆ ಇದೆ! ಕಡಲಿನ ಕಡೆಯಿಂದ ಅದನ್ನು ಹೇಗೆ ಬರೆದಿರಿ, ಎಷ್ಟು ನೀಲಿ ಹಾಕಿದಿರಿ? ಕುದುರೆಮುಖಕ್ಕೆ ಆ ಹೆಸರು ಬಂದದ್ದು ಅದರ ಆಕಾರದಿಂದ, ಹಿಂದೆ ಕಡಲಲ್ಲಿ ಹೋಗುವವರು ಆ ಶಿಖರವನ್ನು ಗುರುತಾಗಿ ಇಟ್ಟುಕೊಳ್ಳುತ್ತಿದ್ದರು. ಬೆಟ್ಟ ನಮ್ಮ ಜಿಲ್ಲೆಯದು, ಅದರ ಮುಖ ಮಾತ್ರ ಕಡಲಿನವರಿಗೆ ಕಾಣುವಂಥದ್ದು.

ಇನ್ನು ಹಸಿರು. ಕರಾವಳಿಯಿಂದ ಬಂದವರು ತೋಟದಲ್ಲಿ ಪೆಟ್ಟಿಗೆ ಬಿಚ್ಚಿದರೆ ಮೊದಲು ಸೋಲುವುದು ಇಲ್ಲೇ. ನಾನೂ ಎರಡು ವರ್ಷ ಸೋತೆ. ಟ್ಯೂಬಿನಿಂದ ಹಸಿರು ಹಿಂಡಿ ಹಚ್ಚಿದರೆ ಕಾಫಿ ತೋಟ ಪ್ಲಾಸ್ಟಿಕ್ ಹೂದಾನಿಯ ಹಾಗೆ ಕಾಣುತ್ತದೆ. ಈಗ ನನ್ನ ಪೆಟ್ಟಿಗೆಯಲ್ಲಿ ಹಸಿರು ಟ್ಯೂಬೇ ಇಲ್ಲ. ಅಲ್ಟ್ರಾಮರೀನ್ ನೀಲಿ ಮತ್ತು ನಿಂಬೆ ಹಳದಿ, ಆ ಹಸಿರಿನ ಹೊಳಪು ಸಾಯಿಸಲು ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಪುಗಂದು. ನೆರಳಿನ ಒಳಗೆ ಅಲಿಜರಿನ್ ಕೆಂಪು. ಕಪ್ಪಿಗೆ ಹಳದಿ ಬೆರೆಸಿದರೂ ಒಳ್ಳೆಯ ಹಳೆಯ ಹಸಿರು ಬರುತ್ತದೆ, ಮಳೆಗಾಲದ ಪಾಚಿಗೆ ಅದೇ ಸರಿ.

ಒಂದು ಕಾಫಿ ಗಿಡವನ್ನು ಹತ್ತಿರದಿಂದ ನೋಡಿ. ಎಲೆಯ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಮೇಲಿನ ಎಲೆಗಳ ಮೇಲೆ ಬಿದ್ದ ಹೊಳಪು ಹಸಿರಲ್ಲ, ಹಳದಿಯೂ ಅಲ್ಲ, ಅದು ಆಕಾಶದ ತಣ್ಣನೆಯ ನೀಲಿ. ಹಳದಿ ಇರುವುದು ಬೆಳಕು ಎಲೆಯ ಮೂಲಕ ಹಾದು ಬರುವ ಕಡೆ, ಅಂದರೆ ನೀವು ಗಿಡದ ಕೆಳಗೆ ಕುಳಿತು ಮೇಲೆ ನೋಡಿದಾಗ. ಇದು ತಿಳಿದ ದಿನ ನಾನು ತೋಟದಲ್ಲೇ ಸಂಜೆಯವರೆಗೆ ಕುಳಿತಿದ್ದೆ. ಹುಟ್ಟಿದಾಗಿನಿಂದ ನೋಡುತ್ತಿದ್ದ ಎಲೆ ಅದು. ಸಿಲ್ವರ್ ಓಕ್ ಇನ್ನೊಂದು ಪಾಠ. ಗಾಳಿ ಬೀಸಿದಾಗ ಎಲೆಯ ಬೆನ್ನು ತಿರುಗಿ ಇಡೀ ಮರ ಒಂದು ಕ್ಷಣ ಬೆಳ್ಳಿಯಾಗುತ್ತದೆ, ಮರುಕ್ಷಣ ಹಸಿರು. ಯಾವುದನ್ನು ಬರೆಯುವುದೆಂದು ಮೊದಲೇ ತೀರ್ಮಾನಿಸಬೇಕು. ಇದು ನಿಮ್ಮ ಭರತದ ಕಥೆಯೇ, ಸ್ವಲ್ಪ ಬೇಗ ನಡೆಯುತ್ತದೆ ಅಷ್ಟೇ.

ಹಲಗೆಗೆ ಮೊದಲು ತೆಳುವಾಗಿ ಬರ್ನ್ಟ್ ಸಿಯೆನ್ನಾ ಒರೆಸಿಕೊಂಡು ಹೋಗುತ್ತೇನೆ. ಹಸಿರಿನ ಸಂದುಗಳಲ್ಲಿ ಆ ಕೆಂಪು ಅಲ್ಲಲ್ಲಿ ಇಣುಕಿದರೆ ನಮ್ಮ ಕೆಮ್ಮಣ್ಣು ತಾನಾಗಿಯೇ ಚಿತ್ರದೊಳಗೆ ಬರುತ್ತದೆ.

ಜಲವರ್ಣಪ್ರಿಯ (ಚಿಕ್ಕಮಗಳೂರು)

ಇಷ್ಟೆಲ್ಲ ಹೊರೆ ಯಾಕೆ? ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲಿನ ಮಂಜನ್ನೆಲ್ಲ ಜಲವರ್ಣದಲ್ಲೇ ಹಿಡಿದರು. ಒಂದು ಡಬ್ಬಿ, ಒಂದು ಪುಸ್ತಕ, ಒಂದು ಲೋಟ ನೀರು ಸಾಕು.

ಕಾಫಿ ಹೂವು (ಮೂಡಿಗೆರೆ)

ಜಲವರ್ಣ ನನಗೂ ಪ್ರಾಣ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ, ಕಾಗದದ ಮೇಲಿನ ಮೊದಲ ಪದರ ಗಂಟೆಯಾದರೂ ಆರುವುದಿಲ್ಲ. ಎಣ್ಣೆಬಣ್ಣದ ಹಲಗೆಯ ಮೇಲೆ ತುಂತುರು ಬಿದ್ದರೆ ಹನಿ ಮುತ್ತಾಗಿ ನಿಲ್ಲುತ್ತದೆ, ಓರೆ ಮಾಡಿದರೆ ಜಾರಿಹೋಗುತ್ತದೆ. ಕಳೆದ ಆಗಸ್ಟ್‌ನಲ್ಲಿ ದೇವರಮನೆ ಗುಡ್ಡದ ಕೆಳಗೆ ಕೊಡೆ ಹಿಡಿದು ಮೂರು ಹಲಗೆ ಬರೆದೆ. ಕೊಡೆಯ ಬಣ್ಣ ಮಾತ್ರ ಬಿಳಿ ಅಥವಾ ಕಪ್ಪು ಇರಲಿ. ಕೆಂಪು ಕೊಡೆಯ ಕೆಳಗೆ ಕಲಸಿದ ಬಣ್ಣವೆಲ್ಲ ಸುಳ್ಳು ಹೇಳುತ್ತದೆ.

ಹಿನ್ನೀರು (ಹಾಸನ)

ಎಲ್ಲರಿಗೂ ಕೈಮುಗಿದು ವಂದನೆ. ಒಂದೊಂದಾಗಿ ಹೇಳುತ್ತೇನೆ.

ಅಕ್ಕ, ಅಷ್ಟಮಿಯ ಮಾತನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಟ್ಟುಕೊಂಡಿದ್ದೇನೆ. ಬಲೆಯ ವಿಷಯದಲ್ಲಿ ನನ್ನಿಂದ ತಪ್ಪಾಗಿಲ್ಲ ಅಂದುಕೊಂಡಿದ್ದೇನೆ. ಮೂರನೆಯ ದಿನ ಮೀನು ಒಣಹಾಕುತ್ತಿದ್ದ ಅಜ್ಜಿಯೊಬ್ಬರು ತಾವೇ ಚಾಪೆ ಸರಿಸಿ ನೆರಳಿನಲ್ಲಿ ಜಾಗ ಮಾಡಿಕೊಟ್ಟರು. ಅದರಿಂದ ಒಂದು ಉಪಕಾರವೂ ಆಯಿತು. ಬಿಸಿಲಿನಲ್ಲಿ ಹಲಗೆ ಇಟ್ಟು ಬರೆದ ಎರಡು ಚಿತ್ರಗಳು ಮನೆಯೊಳಗೆ ತಂದಾಗ ಬಹಳ ಕಪ್ಪಾಗಿ ಕಂಡವು. ಅಜ್ಜಿ ಕೊಟ್ಟ ನೆರಳಿನಲ್ಲಿ ಬರೆದದ್ದು ಮಾತ್ರ ಒಳಗೂ ಅದೇ ತಿಳಿಯಲ್ಲಿ ನಿಂತಿದೆ.

ಕಾಫಿ ಹೂವು ಮೇಡಂ, ನಿಮ್ಮ ಪ್ರಶ್ನೆಗೆ. ಹಲಗೆಯ ಮೇಲೆ ಘಟ್ಟದ ಸಾಲು ಒಂದು ಬೆರಳಿನಷ್ಟೂ ಅಗಲವಿಲ್ಲ. ಅಲ್ಟ್ರಾಮರೀನಿಗೆ ಬಹಳಷ್ಟು ಬಿಳಿ, ಒಂದು ಚೂರು ಅಲಿಜರಿನ್, ಇನ್ನೊಂದು ಚೂರು ಆಕಾಶಕ್ಕೆ ಕಲಸಿದ್ದ ಬಣ್ಣವೇ. ಬೆಟ್ಟದ ಬುಡ ತುದಿಗಿಂತ ತಿಳಿಯಾಗಿತ್ತು, ಕರಾವಳಿಯ ಮಬ್ಬು ಅಲ್ಲೇ ಕೂತಿತ್ತು. ಅದನ್ನು ಬರೆಯುವಾಗ ನಾನು ಬ್ರಷ್ ಕೆಳಗಿಟ್ಟೆ. ಹಿಂದಿನ ದಿನ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಗೆ ಒತ್ತಿ ನಿಂತಿದ್ದ ಕಾಡು, ಕಲ್ಲು, ತಿರುವು, ತೊರೆ ಎಲ್ಲವೂ ಆ ಒಂದು ಎಳೆ ನೀಲಿಯೊಳಗೆ ಹೋಗಿ ಕುಳಿತಿದ್ದವು. ಅದೇ ಹಲಗೆಯ ಅಂಚನ್ನು ಆಮೇಲೆ ಮನೆಯಲ್ಲಿ ಚೂಪು ಮಾಡಿ ಕೊಂದದ್ದು ನನಗೆ ಇಂದಿಗೂ ನೋವು.

ಮೇಷ್ಟರೇ, ನಿಮ್ಮ ಮಾತನ್ನು ಗೌರವದಿಂದ ಕೇಳಿದೆ. ಟ್ಯೂಬ್‌ಲೈಟಿನ ವಿಷಯ ಪೂರ್ತಿ ಒಪ್ಪುತ್ತೇನೆ. ಬೇರೆ ಹಲಗೆಯ ಮೇಲೆ ಬರೆಯಬೇಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಚಿಕ್ಕದು ಬೀಜ ಮಾತ್ರ ಎಂಬುದಕ್ಕೆ ಮನಸ್ಸು ಬಾಗುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಕರಾವಳಿಯಾಚೆ ಮಾನ್ಹೆಗನ್ ಎಂಬ ಸಣ್ಣ ದ್ವೀಪವಿದೆ, ಮೀನುಗಾರರ ಊರು. ಎಡ್ವರ್ಡ್ ಹಾಪರ್ 1916ರಿಂದ 1919ರವರೆಗೆ ಬೇಸಿಗೆಗಳಲ್ಲಿ ಅಲ್ಲಿಗೆ ಹೋಗಿ ಚಿಕ್ಕ ಮರದ ಹಲಗೆಗಳ ಮೇಲೆ ಬಂಡೆ, ಅಲೆಗಳನ್ನು ಬರೆದ. ಅವುಗಳ ಮುದ್ರಿತ ಪ್ರತಿಗಳನ್ನು ನೋಡಿದ್ದೇನೆ. ಬಂಡೆ ಎಂದರೆ ನಾಲ್ಕು ಗಟ್ಟಿ ಎಳೆತ, ಅಲೆ ಎಂದರೆ ಎರಡು. ಅದಕ್ಕೆ ಇನ್ನೊಂದು ಎಳೆತ ಸೇರಿಸುವ ಜಾಗವೇ ಇಲ್ಲ. ಕೆನಡಾದ ಟಾಮ್ ಥಾಮ್ಸನ್ ದೋಣಿಯಲ್ಲಿ ಕಾಡಿನ ಸರೋವರ ಸುತ್ತುತ್ತಾ ಸುಮಾರು 21×26 ಸೆಂಟಿಮೀಟರ್ ಹಲಗೆಗಳನ್ನು ನೂರಾರು ಬರೆದ. ಅವನು ಕೆಲವನ್ನು ದೊಡ್ಡದು ಮಾಡಿದ, ನಿಜ. ಮಿಕ್ಕವು ಹಲಗೆಗಳಾಗಿಯೇ ಉಳಿದವು, ಯಾವ ಕೊರತೆಯೂ ಕಾಣುವುದಿಲ್ಲ. ನಮ್ಮವರೇ ಆದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳ ಎದುರಿಗೇ ನಿಂತು ಬರೆದರು. ಅವುಗಳ ಬಿಸಿಲು ಒಳಕೋಣೆಯಲ್ಲಿ ಹುಟ್ಟುವಂಥದ್ದಲ್ಲ.

ಒಂದು ಗಂಟೆ ಎಂಬುದು ನನಗೆ ಸಮಯದ ಕೊರತೆಯಾಗಿ ಕಾಣುತ್ತಿಲ್ಲ. ಚಿತ್ರದ ವಿಷಯವೇ ಅದು. ಆ ಗಂಟೆಯಲ್ಲಿ ನಾನು ಅಲ್ಲಿದ್ದೆ, ನೀರು ಅಷ್ಟಿತ್ತು, ಬೆಳಕು ಹಾಗಿತ್ತು.

ಡ್ರಾಯಿಂಗ್ ಮೇಷ್ಟರು (ಅರಸೀಕೆರೆ)

ಹಾಪರನ ಹಲಗೆಗಳ ವಿಷಯ ತಂದು ನನ್ನನ್ನು ಯೋಚನೆಗೆ ಹಚ್ಚಿದಿರಿ. ಆದರೂ ನನ್ನ ಒಂದು ಮಾತು ನಡೆಸಿಕೊಡಿ. ಇನ್ನು ಮುಂದೆ ಒಂದು ಹಲಗೆ ಬರೆದ ದಿನವೇ, ಮಧ್ಯಾಹ್ನ, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ನೆನಪಿನಿಂದ ಅದೇ ಅಳತೆಯ ಇನ್ನೊಂದನ್ನು ಬರೆಯಿರಿ. ಏನು ನೆನಪಿದೆ, ಏನು ಮರೆತಿದ್ದೀರಿ ಎರಡೂ ಗೊತ್ತಾಗುತ್ತದೆ. ನನ್ನ ಮಕ್ಕಳಿಗೆ ಶಾಲೆಯಲ್ಲಿ ಇದನ್ನೇ ಮಾಡಿಸುತ್ತಿದ್ದೆ. ಕೆರೆ ತೋರಿಸಿ ಕರೆದುಕೊಂಡು ಬಂದು, ಕಿಟಕಿ ಮುಚ್ಚಿ, ಈಗ ಬರೆಯಿರಿ ಎನ್ನುತ್ತಿದ್ದೆ.

ಹಾಗೆಯೇ ಒಂದು ಎಚ್ಚರಿಕೆ. ಒಣಗಿದ ಹಲಗೆಗಳನ್ನು ಕತ್ತಲೆಯ ಬೀರುವಿನಲ್ಲಿ ಮುಚ್ಚಿಡಬೇಡಿ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ. ನೇರ ಬಿಸಿಲು ಬೇಡ, ಬೆಳಕು ಬರುವ ಗೋಡೆ ಬೇಕು. ಹಳದಿಯಾಗಿದ್ದರೆ ಕೆಲವು ವಾರ ಬೆಳಕಿನಲ್ಲಿಟ್ಟು ನೋಡಿ, ಬಹುಪಾಲು ತಿಳಿಯಾಗುತ್ತದೆ.

ಆಲೂರಿನ ವಿದ್ಯಾರ್ಥಿ

ಆಚಾರ್ಯ ಅಣ್ಣ ತಮ್ಮಲ್ಲಿದ್ದ ಹಳೆಯ ಪೆಟ್ಟಿಗೆಯನ್ನೇ ನನಗೆ ಕೊಡುವುದಾಗಿ ಹೇಳಿದ್ದಾರೆ. ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಕರಾವಳಿಗೆ ಹೋಗುವ ಅನುಕೂಲ ನನಗೆ ಈಗಿಲ್ಲ. ಹತ್ತಿರದಲ್ಲಿ ನೀರಿರುವ ಜಾಗ ಎಲ್ಲಿ ಶುರು ಮಾಡಲಿ?

ಹಿನ್ನೀರು (ಹಾಸನ)

ಭಾನುವಾರ ನನ್ನ ಜೊತೆ ಶೆಟ್ಟಿಹಳ್ಳಿಗೆ ಬಾ ತಮ್ಮಾ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿ ಅದು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ತೆರವಾಗಿ ಇಗರ್ಜಿ ಮಾತ್ರ ಉಳಿಯಿತು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಮಳೆಗಾಲದಲ್ಲಿ ತುಂಬಿದಾಗ ಗೋಡೆಗಳು ನೀರಿನ ನಡುವೆ ನಿಂತು ಅದೂ ಒಂದು ದ್ವೀಪವೇ. ಈಗ ನೀರು ಇಳಿಯುತ್ತಿದೆ. ಅಲ್ಲಿಯ ಗೋಡೆ ಹತ್ತಬೇಡ, ಕಲ್ಲುಗಳು ಸಡಿಲವಾಗಿವೆ. ಎಲ್ಲರೂ ಕಮಾನನ್ನೇ ಬರೆಯುತ್ತಾರೆ. ನೀನು ಮೊದಲು ಗೋಡೆಯ ನೆರಳು ಕೆಸರಿನ ಮೇಲೆ ಬಿದ್ದ ಆಕಾರವನ್ನು ಮಾತ್ರ ನೋಡು.

ಹಿನ್ನೀರು (ಹಾಸನ), ಭಾನುವಾರ ರಾತ್ರಿ

ಹೋಗಿ ಬಂದೆವು. ಮಂಜು ಇತ್ತು. ಮೇಷ್ಟರು ಅರಸೀಕೆರೆಯಿಂದ ಮೊದಲ ಬಸ್ಸಿಗೆ ಬಂದು ನಮಗಿಂತ ಮುಂಚೆ ಅಲ್ಲಿ ಕುಳಿತಿದ್ದರು, 5×7ರ ಹಲಗೆ ಹಿಡಿದು! ನನ್ನದರ ಬೆನ್ನಿನ ಮೇಲೆ ಬರೆದದ್ದನ್ನು ಇಲ್ಲಿ ಹಾಕುತ್ತೇನೆ, ಚಿತ್ರವನ್ನು ಮಾತ್ರ ಒಣಗಿದ ಮೇಲೆ.

ಶೆಟ್ಟಿಹಳ್ಳಿ. ಬೆಳಗ್ಗೆ 7.05ರಿಂದ 8.10. ಗಾಳಿ ಇಲ್ಲ. 7.40ಕ್ಕೆ ಮಂಜು ಎದ್ದಿತು, ಮಂಜಿನ ಬಣ್ಣವನ್ನೇ ಉಳಿಸಿಕೊಂಡೆ. ನೀರು ಗೋಡೆಯಿಂದ ಇಪ್ಪತ್ತು ಹೆಜ್ಜೆ ಕೆಳಗೆ. ಬಿಳಿ, ಅಲ್ಟ್ರಾಮರೀನ್, ಓಕರ್, ಬರ್ನ್ಟ್ ಸಿಯೆನ್ನಾ, ಬೇರೇನೂ ಇಲ್ಲ.

ಆಲೂರಿನ ವಿದ್ಯಾರ್ಥಿ

ನನ್ನದೂ ಹೇಳುತ್ತೇನೆ. ಮೊದಲ ಹಲಗೆಯನ್ನು ಕೆರೆದು ಹಾಕಿದೆ, ಎರಡನೆಯದರಲ್ಲಿ ನೆರಳು ಮಾತ್ರ ಬಂದಿದೆ, ಗೋಡೆ ಬಂದಿಲ್ಲ. ಮೇಷ್ಟರು ಅದನ್ನು ಬಹಳ ಹೊತ್ತು ನೋಡಿ, ಮುಟ್ಟಬೇಡ, ಹಾಗೇ ಇಡು ಎಂದರು. ಈಗ ಅಟ್ಟದ ಕಿಟಕಿಯ ಬಳಿ ಇದೆ. ಬಿಳಿ ಇನ್ನೂ ಹಸಿಯಾಗಿದೆ, ಒರೆಸಿದ ಬಟ್ಟೆಯನ್ನು ಅಂಗಳದ ತಂತಿಯ ಮೇಲೆ ಬಿಡಿಸಿ ಹಾಕಿದ್ದೇನೆ.